ಹಾರುವ ಟ್ಯಾಕ್ಸಿಗೆ ಮೊದಲು ಬೇಕಿರುವುದು ಒಂದು ಶೈತ್ಯಾಗಾರ: ಕೈಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ವಿದ್ಯುತ್ ಏರ್ ಟ್ಯಾಕ್ಸಿಗಳ ಕಾಂಪೊಸಿಟ್ ಭಾಗಗಳನ್ನು ರಾಜ್ಯದ ಸಣ್ಣ ಕಾರ್ಖಾನೆಗಳಲ್ಲಿ ತಯಾರಿಸಲು ಬೇಕಿರುವ ಸಾಮಾನ್ಯ ಸೌಲಭ್ಯಗಳ ಬಗ್ಗೆ

ಮಾನ್ಯರೇ,

ಸಾದರ ನಮಸ್ಕಾರ. ನಾನು ಪೀಣ್ಯದಲ್ಲಿ ಹದಿನಾಲ್ಕು ಜನರ ಒಂದು ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ರಾಳ (ರೆಸಿನ್) ಉಣಿಸಿದ ಕಾರ್ಬನ್ ಫೈಬರ್ ಬಟ್ಟೆಯನ್ನು ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಶಾಖ ಕೊಟ್ಟು ಗಟ್ಟಿ ಮಾಡಿದರೆ ಕಾಂಪೊಸಿಟ್ ಆಗುತ್ತದೆ; ಅದರಿಂದ ಡ್ರೋನ್‌ಗಳಿಗೂ ಸಣ್ಣ ವಿಮಾನಗಳಿಗೂ ಭಾಗಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಸ್ವಂತ ಕಾರ್ಖಾನೆ ತೆರೆಯುವ ಮೊದಲು ಹನ್ನೊಂದು ವರ್ಷ ಇನ್ನೊಬ್ಬರ ಲೇಅಪ್ ಕೋಣೆಯಲ್ಲಿ, ಅಂದರೆ ಪದರ ಹಾಸುವ ಕೋಣೆಯಲ್ಲಿ, ಇದೇ ಕೆಲಸವನ್ನು ಸಂಬಳಕ್ಕೆ ಮಾಡಿದವನು. ಇಪ್ಪತ್ತೆರಡು ವರ್ಷಗಳಿಂದ ಈ ಬಟ್ಟೆಯನ್ನು ಕೈಯಲ್ಲಿ ಹಿಡಿಯದ ವಾರ ನನ್ನ ಪಾಲಿಗೆ ಇಲ್ಲವೇ ಇಲ್ಲವೆನ್ನಬಹುದು.

ಬೆಂಗಳೂರಿನಲ್ಲಿ ಏರ್ ಟ್ಯಾಕ್ಸಿಯ ಮಾತು ಜೋರಾಗಿದೆ. 2024ರ ಅಕ್ಟೋಬರ್‌ನಲ್ಲಿ ನಮ್ಮ ವಿಮಾನ ನಿಲ್ದಾಣವೂ ಸರ್ಲಾ ಏವಿಯೇಷನ್ ಎಂಬ ಇಲ್ಲಿಯದೇ ಕಂಪನಿಯೂ ಕೈಜೋಡಿಸಿದವು. ದೇವನಹಳ್ಳಿಯಿಂದ ಇಲೆಕ್ಟ್ರಾನಿಕ್ಸ್ ಸಿಟಿಗೆ ಎರಡೂವರೆ ಗಂಟೆ ಹಿಡಿಯುವ ದಾರಿ 19 ನಿಮಿಷಕ್ಕೆ ಇಳಿಯುತ್ತದೆ ಎಂದು ಪತ್ರಿಕೆಗಳಲ್ಲಿ ಬಂತು. ಮೂರು ತಿಂಗಳಿಗೆ ಅವರ ‘ಶೂನ್ಯ’ ವಿಮಾನದ ಮಾದರಿ ದೆಹಲಿಯ ಪ್ರದರ್ಶನದಲ್ಲಿ ನಿಂತಿತು. ಅತ್ತ ಚೆನ್ನೈನಲ್ಲಿ ಐಐಟಿಯ ಆವರಣದಲ್ಲಿ ಹುಟ್ಟಿದ ಇಪ್ಲೇನ್ ಕಂಪನಿಯೂ ಇದೇ ದಾರಿಯಲ್ಲಿದೆ. ಇದನ್ನೆಲ್ಲ ಓದಿದಾಗ ನನಗೆ ಸಂತೋಷವಾಗುತ್ತದೆ. ನಮ್ಮ ಹುಡುಗರು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಲೇಅಪ್ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ.

ಆದರೆ ಮಾನ್ಯರೇ, ಸಭೆ ಸಮ್ಮೇಳನಗಳಲ್ಲಿ ನಾನು ಕೇಳಿದ ಚರ್ಚೆಯೆಲ್ಲ ಎಲ್ಲಿ ಇಳಿಯಬೇಕು, ಎಷ್ಟು ದರ, ಯಾವ ಬ್ಯಾಟರಿ ಎಂಬುದರ ಸುತ್ತಲೇ ಇತ್ತು. ಆ ವಿಮಾನದ ಮೈ ಯಾವುದರಿಂದ ಆಗುತ್ತದೆ, ಅದನ್ನು ಯಾರು ಮಾಡುತ್ತಾರೆ, ಒಂದಲ್ಲ, ವರ್ಷಕ್ಕೆ ಇನ್ನೂರು ಮಾಡಬೇಕಾದಾಗ ಹೇಗೆ ಮಾಡುತ್ತಾರೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ತಮ್ಮ ಮುಂದೆ ನಾನು ಇಡಬೇಕೆಂದಿರುವುದು ಇದೊಂದೇ ವಿಷಯ.

ತೂಕದ ಲೆಕ್ಕದಿಂದ ಆರಂಭಿಸುತ್ತೇನೆ. ವಿಮಾನದ ಸೀಮೆಎಣ್ಣೆ ಒಂದು ಕಿಲೋಗೆ ಸುಮಾರು 12,000 ವ್ಯಾಟ್ ಅವರ್ ಶಕ್ತಿ ಹೊತ್ತಿರುತ್ತದೆ. ಇಂದಿನ ಒಳ್ಳೆಯ ಲಿಥಿಯಂ ಬ್ಯಾಟರಿ ಸೆಲ್‌ನಲ್ಲಿ ಇರುವುದು 250ರ ಆಸುಪಾಸು. ಎಣ್ಣೆ ಉರಿದಂತೆ ವಿಮಾನ ಹಗುರವಾಗುತ್ತದೆ. ಬ್ಯಾಟರಿ ಖಾಲಿಯಾದರೂ ತೂಕ ಅಷ್ಟೇ. ಅಮೆರಿಕದ ಆರ್ಚರ್ ಕಂಪನಿಯ ಮಿಡ್‌ನೈಟ್ ಎಂಬ ಏರ್ ಟ್ಯಾಕ್ಸಿಯ ಒಟ್ಟು ತೂಕ ಸುಮಾರು 3,175 ಕಿಲೋ, ಅದರಲ್ಲಿ ಪೈಲಟ್, ಪ್ರಯಾಣಿಕರು ಮತ್ತು ಅವರ ಸಾಮಾನಿಗೆ ಮೀಸಲಾದದ್ದು ಸುಮಾರು 450 ಕಿಲೋ. ಅಂದರೆ ಮೈಯ ತೂಕ ಎಪ್ಪತ್ತೆಂಬತ್ತು ಕಿಲೋ ಹೆಚ್ಚಾದರೆ ಒಬ್ಬ ಪ್ರಯಾಣಿಕನನ್ನು ಕೆಳಗೇ ಬಿಟ್ಟು ಹೋಗಬೇಕು. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗಿದರೆ ಕಾರ್ಬನ್ ಕಾಂಪೊಸಿಟ್ 1.6 ಗ್ರಾಂ ತೂಗುತ್ತದೆ. ಕಾರ್ಬನ್ ಎಳೆಯ ದಿಕ್ಕಿನಲ್ಲಿ ಎಳೆದರೆ ಅಲ್ಯೂಮಿನಿಯಂಗಿಂತ ಎಷ್ಟೋ ಪಟ್ಟು ಗಟ್ಟಿ. ಆದ್ದರಿಂದಲೇ ಜಗತ್ತಿನಲ್ಲಿ ಈ ಬಗೆಯ ವಿಮಾನ ಮಾಡುತ್ತಿರುವ ಮುಂಚೂಣಿಯ ಕಂಪನಿಗಳೆಲ್ಲ ಕಾರ್ಬನ್ ಕಾಂಪೊಸಿಟ್ ಕಡೆಗೇ ತಿರುಗಿವೆ.

ಅಲ್ಯೂಮಿನಿಯಂಗೂ ಇದಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ, ಸರ್ಕಾರದ ಕಡತಗಳಲ್ಲಿ ಅದು ಕಾಣುತ್ತಿಲ್ಲ. ಅಲ್ಯೂಮಿನಿಯಂ ಹಲಗೆ ಕಾರ್ಖಾನೆಗೆ ಬರುವಾಗಲೇ ಅದರ ಗುಣ ನಿರ್ಧಾರವಾಗಿರುತ್ತದೆ. ನಾವು ಕತ್ತರಿಸುತ್ತೇವೆ, ಕೊರೆಯುತ್ತೇವೆ, ಅಷ್ಟೆ. ಕಾಂಪೊಸಿಟ್‌ನಲ್ಲಿ ಹಾಗಲ್ಲ. ಭಾಗವನ್ನು ಮಾಡುವ ಹೊತ್ತಿನಲ್ಲೇ ಆ ವಸ್ತುವೂ ಹುಟ್ಟುತ್ತದೆ. ಹಾಸಿದವರ ಕೈ, ಕೋಣೆಯ ತೇವ, ಒಲೆಯ ಶಾಖ ಇವೆಲ್ಲ ಅದರೊಳಗೆ ಸೇರಿಹೋಗುತ್ತವೆ. ಎಳೆಯ ದಿಕ್ಕು ಐದು ಡಿಗ್ರಿ ತಪ್ಪಿದರೆ ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ, ಭಾರ ಬಿದ್ದಾಗ ಗೊತ್ತಾಗುತ್ತದೆ.

ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ. ರಾಳವನ್ನು ಮೊದಲೇ ಉಣಿಸಿದ ಕಾರ್ಬನ್ ಬಟ್ಟೆಗೆ ಪ್ರೀಪ್ರೆಗ್ ಎನ್ನುತ್ತೇವೆ. ಅದನ್ನು ಮೈನಸ್ 18 ಡಿಗ್ರಿಯಲ್ಲಿ ಇಡಬೇಕು. ಹೊರಗಿಟ್ಟರೆ ದೋಸೆ ಹಿಟ್ಟು ಹುಳಿ ಬರುವಂತೆ ಅದರ ರಾಳ ತಾನಾಗಿಯೇ ಬಲಿಯತೊಡಗುತ್ತದೆ. ಕೆಲಸದ ದಿನ ಉರುಳೆಯನ್ನು ಫ್ರೀಜರ್‌ನಿಂದ ತೆಗೆದು ಚೀಲ ಬಿಚ್ಚದೆ ಹಾಗೇ ಕೋಣೆಯಲ್ಲಿ ಇಡುತ್ತೇವೆ. ಆತುರಪಟ್ಟು ಚೀಲ ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ಗಾಳಿಯ ನೀರು ಇಬ್ಬನಿಯಂತೆ ಕೂರುತ್ತದೆ, ಆ ನೀರು ಒಲೆಯಲ್ಲಿ ಆವಿಯಾಗಿ ಪದರಗಳ ನಡುವೆ ಗುಳ್ಳೆ ಬಿಡುತ್ತದೆ. ಆಮೇಲೆ ಪದರ ಕತ್ತರಿಸುವುದು. ಸೊನ್ನೆ, ನಲವತ್ತೈದು, ತೊಂಬತ್ತು ಎಂದು ದಿಕ್ಕು ನೋಡಿ ಒಂದೊಂದನ್ನೇ ಹಾಸುವುದು. ಪ್ರತಿ ಪದರದ ಬೆನ್ನಿಗೂ ತೆಳ್ಳನೆಯ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಅದನ್ನು ಸುಲಿದು ಪಕ್ಕದ ಡಬ್ಬಿಗೆ ಹಾಕಬೇಕು, ಕೆಲಸ ಮುಗಿದ ಮೇಲೆ ಎಣಿಸಬೇಕು. ಇಪ್ಪತ್ತನಾಲ್ಕು ಪದರ ಹಾಸಿದ್ದರೆ ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಹಾಳೆ ಇರಲೇಬೇಕು. ಎರಡು ವರ್ಷದ ಹಿಂದೆ ಒಂದು ಸಂಜೆ ಇಪ್ಪತ್ಮೂರು ಇದ್ದವು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ, ತಾನೇ ಬಂದು ಹೇಳಿದಳು. ಹಾಸಿದ್ದನ್ನೆಲ್ಲ ಒಂದೊಂದಾಗಿ ಬಿಡಿಸಿದೆವು. ಹದಿನೇಳನೇ ಪದರದ ಕೆಳಗೆ ಅಂಗೈಯಗಲದ ನೀಲಿ ತುಂಡು ಸಿಕ್ಕಿತು. ಇಡೀ ದಿನದ ಕೆಲಸವೂ ಬಟ್ಟೆಯೂ ಹೋಯಿತು. ಆ ಹುಡುಗಿಗೆ ಆ ತಿಂಗಳು ನಾನು ಹೆಚ್ಚಿನ ಸಂಬಳ ಕೊಟ್ಟೆ. ಅವಳು ಸುಮ್ಮನಿದ್ದಿದ್ದರೆ ಅಷ್ಟಗಲ ಜಾಗದಲ್ಲಿ ಎರಡು ಪದರಗಳು ಎಂದೂ ಅಂಟಿಕೊಳ್ಳುತ್ತಿರಲಿಲ್ಲ. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದಿತ್ತು, ನಿಜ. ಆದರೆ ಎಲ್ಲವನ್ನೂ ಪರೀಕ್ಷೆಯ ತಲೆಗೆ ಕಟ್ಟುವ ಕಾರ್ಖಾನೆಯ ವಿಮಾನದಲ್ಲಿ ನಾನಂತೂ ಕೂರಲಾರೆ.

ಇಂಥ ಜನ ನಮ್ಮ ರಾಜ್ಯದಲ್ಲಿ ಇದ್ದಾರೆ ಎನ್ನುವುದು ನನ್ನ ಧೈರ್ಯ. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಎಚ್‌ಎಎಲ್ 1940ರಲ್ಲಿ ಮೈಸೂರು ಸರ್ಕಾರದ ಬೆಂಬಲದಿಂದ ಹುಟ್ಟಿದ ಸಂಸ್ಥೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಾವೆಲ್ಲ ಕರೆಯುವ ಎನ್‌ಎಎಲ್, 1960ರಿಂದ ಬೆಂಗಳೂರಿನಲ್ಲಿದೆ. 2001ರ ಜನವರಿ 4ರಂದು ಇಲ್ಲಿಂದಲೇ ಮೊದಲ ಬಾರಿ ಮೇಲೇರಿದ ತೇಜಸ್ ವಿಮಾನದ ರಚನೆಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 45 ಪಾಲು ಕಾಂಪೊಸಿಟ್. ಅದಕ್ಕೆ ಬೇಕಾದ ವಿದ್ಯೆಯನ್ನು ಎನ್‌ಎಎಲ್‌ನ ವಿಜ್ಞಾನಿಗಳೂ ತಂತ್ರಜ್ಞರೂ ಇಲ್ಲೇ ಕಟ್ಟಿದರು, ಒತ್ತಡ ಕೊಟ್ಟು ಬಿಸಿ ಮಾಡುವ ದೊಡ್ಡ ಒಲೆಗಳಾದ ಆಟೋಕ್ಲೇವ್‌ಗಳನ್ನೂ ಇಲ್ಲೇ ರೂಪಿಸಿದರು. ನನಗೆ ಮೊದಲು ಕೆಲಸ ಕಲಿಸಿದ ಮೇಸ್ತ್ರಿ ಆ ಪರಂಪರೆಯಿಂದ ಬಂದವರು. ಬೆರಳಿನಿಂದ ಒತ್ತಿ ಅಂಟು ನೋಡಿ, ಈ ಉರುಳೆ ಎಷ್ಟು ದಿನ ಹೊರಗಿತ್ತು ಎಂದು ಹೇಳಬಲ್ಲವರಾಗಿದ್ದರು.

ಹೀಗಿದ್ದೂ ನಮ್ಮಂಥ ಸಣ್ಣವರಿಗೆ ಏರ್ ಟ್ಯಾಕ್ಸಿಯ ಬಾಗಿಲು ಏಕೆ ತೆರೆಯುತ್ತಿಲ್ಲ? ನನಗೆ ಆದದ್ದನ್ನೇ ಹೇಳುತ್ತೇನೆ.

ವಿಮಾನದ ಗುಣಮಟ್ಟದ ಪ್ರೀಪ್ರೆಗ್ ನಮಗೆ ಹೊರದೇಶದಿಂದಲೇ ಬರಬೇಕು. ಒಮ್ಮೆ ನಾಲ್ಕು ಉರುಳೆ ತರಿಸಿದೆ. ಸಾಲ ಮಾಡಿಯೇ ತರಿಸಿದ್ದು. ಒಣ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಗುರುವಾರ ಸರಕು ಬಂದಿಳಿಯಿತು. ಇದು ಬಟ್ಟೆಯೋ, ಪ್ಲಾಸ್ಟಿಕ್ಕೋ, ಇಂಗಾಲದ ವಸ್ತುವೋ, ಯಾವ ಸುಂಕ ಹಾಕಬೇಕು ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ತಪ್ಪಲ್ಲ, ವಸ್ತುವೇ ಹಾಗಿದೆ. ಶುಕ್ರವಾರ ಕಾಗದಪತ್ರ ಕೊಟ್ಟೆ. ಶನಿವಾರ, ಭಾನುವಾರ ರಜೆ. ಸೋಮವಾರ ಹಬ್ಬ. ಪೆಟ್ಟಿಗೆಯನ್ನು ತಣ್ಣಗಿನ ಕೋಣೆಗೆ ಸೇರಿಸಿ ಎಂದು ಮೂರು ಬಾರಿ ಬರೆದುಕೊಟ್ಟೆ, ಅಲ್ಲಿದ್ದ ತಣ್ಣಗಿನ ಕೋಣೆ ಹೂವಿಗೂ ಔಷಧಕ್ಕೂ ಆಗುವಂಥದ್ದು, ಮೈನಸ್ 18 ಅಲ್ಲ. ಮಂಗಳವಾರ ಸಂಜೆ ಪೆಟ್ಟಿಗೆ ನನ್ನ ಕೈ ಸೇರಿತು. ಒಳಗಿದ್ದ ತಾಪಮಾನ ದಾಖಲಿಸುವ ಪುಟ್ಟ ಯಂತ್ರವನ್ನು ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಶನಿವಾರ ಮಧ್ಯಾಹ್ನದವರೆಗೆ ನೆಟ್ಟಗಿದ್ದ ಗೆರೆ ಅಲ್ಲಿಂದ ಏರುತ್ತಾ ಹೋಗಿ ಸೋಮವಾರ 29 ಡಿಗ್ರಿ ಮುಟ್ಟಿತ್ತು. ಆ ಗೆರೆಯನ್ನು ನೋಡುತ್ತಾ ನಾನೂ ನನ್ನ ಹೆಂಡತಿಯೂ ತುಂಬ ಹೊತ್ತು ಮಾತಿಲ್ಲದೆ ಕುಳಿತಿದ್ದೆವು.

ಎರಡು ಮೂರು ದಿನ ಹೊರಗಿದ್ದ ಮಾತ್ರಕ್ಕೆ ಆ ಬಟ್ಟೆ ಹಾಳಾಯಿತೆಂದು ನಾನು ಹೇಳುವುದಿಲ್ಲ. ಎಷ್ಟೋ ರಾಳಗಳು ಕೋಣೆಯ ಶಾಖದಲ್ಲಿ ವಾರಗಟ್ಟಲೆ ತಾಳಿಕೊಳ್ಳುತ್ತವೆ. ಪರೀಕ್ಷೆ ಮಾಡಿಸಿ ಸರಿಯಿದೆಯೆಂದು ತೋರಿಸಬಹುದಿತ್ತು. ಆದರೆ ನಮ್ಮ ಗ್ರಾಹಕರು ಒಪ್ಪುವ ಪ್ರಯೋಗಾಲಯದಲ್ಲಿ ನನ್ನ ಸರದಿ ಬರಲು ಏಳು ವಾರ ಕಾಯಬೇಕಿತ್ತು. ದೊಡ್ಡ ಸಂಸ್ಥೆಗಳ ಕೆಲಸ ಮುಂದೆ ನಿಂತಿತ್ತು, ಅದು ಸಹಜವೇ. ಗ್ರಾಹಕರು ಏಳು ವಾರ ಕಾಯಲಿಲ್ಲ, ಅವರನ್ನೂ ದೂರಲಾರೆ. ಯಾರೂ ಕೆಟ್ಟವರಲ್ಲದ ಆ ಇಡೀ ಸರಪಳಿಯಲ್ಲಿ ನಾನು ಆದೇಶವನ್ನೂ ಹಣವನ್ನೂ ಕಳೆದುಕೊಂಡೆ.

ಆದ್ದರಿಂದ ಮಾನ್ಯರೇ, ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದ ಹತ್ತಿರ ಮೈನಸ್ 18 ಡಿಗ್ರಿಯ ಒಂದು ಸಾರ್ವಜನಿಕ ಶೈತ್ಯಾಗಾರ ಕಟ್ಟಿಸಿಕೊಡಿ. ಸುಂಕದ ಪ್ರಶ್ನೆ ಬಗೆಹರಿಯುವವರೆಗೆ ಸರಕು ಅಲ್ಲಿ ಇರಲಿ, ಬಾಡಿಗೆ ನಾವು ಕೊಡುತ್ತೇವೆ. ಪ್ರೀಪ್ರೆಗ್‌ಗೆ ಒಂದೇ ಸ್ಪಷ್ಟ ವರ್ಗೀಕರಣ ಕೊಡಿಸಲು ಕೇಂದ್ರದ ಹಣಕಾಸು ಸಚಿವಾಲಯಕ್ಕೆ ರಾಜ್ಯದ ಪರವಾಗಿ ಬರೆಯಿರಿ. ಅದೇ ಶೈತ್ಯಾಗಾರದಿಂದ ಇಡೀ ಉರುಳೆ ಕೊಳ್ಳಲಾಗದ ಸಣ್ಣವರಿಗೆ ಇಪ್ಪತ್ತು ಮೀಟರ್, ಮೂವತ್ತು ಮೀಟರ್ ಎಂದು ಕತ್ತರಿಸಿ ಕೊಡುವ ವ್ಯವಸ್ಥೆಯಾದರೆ ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಬೆಳಗಾವಿಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಹತ್ತಾರು ಮಂದಿ ಇದ್ದಾರೆ. ಕಾರ್ಬನ್ ಎಳೆಯೇ ನಮ್ಮ ದೇಶದಲ್ಲಿ ಸಾಕಷ್ಟು ತಯಾರಾಗುವ ದಿನ ಬರಲಿ ಎಂದು ನಾನೂ ಹಾರೈಸುತ್ತೇನೆ. 2020ರಲ್ಲಿ ಕೇಂದ್ರವು 1,480 ಕೋಟಿ ರೂಪಾಯಿಯ ತಾಂತ್ರಿಕ ಜವಳಿ ಮಿಷನ್ ಆರಂಭಿಸಿದ್ದು ಇಂಥ ನೂಲುಗಳಿಗಾಗಿಯೂ ಹೌದು. ಅಲ್ಲಿಯವರೆಗೆ ತರಿಸಿದ್ದನ್ನಾದರೂ ಕೆಡದಂತೆ ಉಳಿಸಿಕೊಳ್ಳೋಣ.

ಎರಡನೆಯ ಅಡ್ಡಿ ಇದಕ್ಕಿಂತ ಆಳದ್ದು. ವಿಮಾನದ ಭಾಗಕ್ಕೆ ಬಳಸುವ ಪ್ರತಿಯೊಂದು ಕಾಂಪೊಸಿಟ್‌ನ ಬಲವನ್ನೂ ನೂರಾರು ಸಣ್ಣ ತುಂಡುಗಳನ್ನು ಎಳೆದು, ಒತ್ತಿ, ಬಾಗಿಸಿ, ಬಿಸಿಯಲ್ಲಿ, ತೇವದಲ್ಲಿ ಮುರಿದು ಅಳೆಯಬೇಕು. ಬೇರೆ ಬೇರೆ ಬ್ಯಾಚ್‌ಗಳಿಂದ ತುಂಡು ತೆಗೆಯಬೇಕು. ವರ್ಷಗಟ್ಟಲೆ ಹಿಡಿಯುವ, ಕೋಟಿಗಳಲ್ಲಿ ಹಣ ಬೇಡುವ ಕೆಲಸ. ಒಬ್ಬ ದೊಡ್ಡ ತಯಾರಕ ಇದನ್ನು ಮಾಡಿದರೆ ಆ ಅಂಕಿಗಳನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತಾನೆ. ಅದೇ ಬಟ್ಟೆಯನ್ನು ಬಳಸಬೇಕೆಂದರೆ ಇನ್ನೊಬ್ಬ ಮೊದಲಿನಿಂದ ಆರಂಭಿಸಬೇಕು.

ಅಮೆರಿಕದಲ್ಲೂ ಹೀಗೇ ಇತ್ತು. ಸಣ್ಣ ವಿಮಾನ ತಯಾರಕರು ಉಳಿಯಬೇಕೆಂದು 1990ರ ದಶಕದಲ್ಲಿ ನಾಸಾ ಮುಂದೆ ನಿಂತು ಸಾಮಾನ್ಯ ದತ್ತಾಂಶದ ಒಂದು ಕ್ರಮವನ್ನು ಆರಂಭಿಸಿತು. ಆಮೇಲೆ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ವಿಶ್ವವಿದ್ಯಾಲಯ ಅದನ್ನು ಎನ್‌ಕ್ಯಾಂಪ್ ಎಂಬ ಹೆಸರಿನಲ್ಲಿ ಮುಂದುವರಿಸಿತು. ಅಲ್ಲಿ ಒಂದು ವಸ್ತುವನ್ನು ಒಮ್ಮೆ ಪೂರ್ತಿಯಾಗಿ ಪರೀಕ್ಷಿಸಿ ಅಂಕಿಗಳನ್ನು ಎಲ್ಲರಿಗೂ ತೆರೆದಿಡುತ್ತಾರೆ. ಬಳಸುವವನು ತನ್ನ ಕಾರ್ಖಾನೆಯಲ್ಲಿ ಅದೇ ಕ್ರಮದಲ್ಲಿ ಕೆಲವೇ ತುಂಡುಗಳನ್ನು ಮಾಡಿ, ತನ್ನ ಕೈಯೂ ಅದೇ ಗುಣ ಕೊಡುತ್ತದೆ ಎಂದು ತೋರಿಸಿದರೆ ಸಾಕು. 2010ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರವೂ ನಂತರ ಯುರೋಪಿನದೂ ಇದನ್ನು ಒಪ್ಪಿಕೊಂಡವು. ವಿಚಿಟಾ ಕೂಡ ನಮ್ಮ ಬೆಂಗಳೂರಿನಂತೆ ವಿಮಾನ ಕಾರ್ಖಾನೆಗಳ ಊರು. ಅವರಿಗೆ ಆದದ್ದು ನಮಗೆ ಏಕೆ ಆಗಬಾರದು?

ಎನ್‌ಎಎಲ್ ಇಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ಇಲ್ಲಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲೇ ಲಂಬವಾಗಿ ಏರಿಳಿಯುವ ವಿಮಾನಗಳ ಇಳಿದಾಣಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಈ ಮೂವರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಕೆಲಸವನ್ನು ರಾಜ್ಯ ಸರ್ಕಾರ ಮಾಡಲಿ. ಮೊದಲು ಎರಡೇ ಎರಡು ವಸ್ತುಗಳನ್ನು ಆರಿಸಿಕೊಳ್ಳಲಿ: ಒಂದು ಕಾರ್ಬನ್ ಪ್ರೀಪ್ರೆಗ್, ಒಂದು ಗಾಜಿನ ನೂಲಿನದು. ಎರಡೂ ಆಟೋಕ್ಲೇವ್ ಇಲ್ಲದೆ ಬರೀ ಒಲೆಯಲ್ಲಿ ಗಟ್ಟಿಯಾಗುವ ಬಗೆಯವಾಗಿರಲಿ. ಅವುಗಳ ಅಂಕಿಗಳು ಸಾರ್ವಜನಿಕವಾಗಲಿ. ಈ ಪತ್ರದಲ್ಲಿ ಒಂದೇ ಒಂದು ಕೋರಿಕೆಯನ್ನು ಉಳಿಸಿಕೊಳ್ಳಿ ಎಂದು ತಾವು ಹೇಳಿದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ, ಶೈತ್ಯಾಗಾರವನ್ನೂ ಬಿಟ್ಟುಕೊಡುತ್ತೇನೆ.

ಒಲೆಯ ವಿಷಯ ಏಕೆ ಹೇಳಿದೆನೆಂದರೆ, ದೊಡ್ಡ ವಿಮಾನಗಳ ಭಾಗಗಳನ್ನು ಆಟೋಕ್ಲೇವ್‌ನಲ್ಲಿ ಗಟ್ಟಿ ಮಾಡುತ್ತಾರೆ. ಅದು ದೊಡ್ಡ ಪ್ರೆಷರ್ ಕುಕ್ಕರ್ ಇದ್ದಂತೆ. ಸುಮಾರು 180 ಡಿಗ್ರಿ ಶಾಖ, ಆರೇಳು ಪಟ್ಟು ವಾಯುಒತ್ತಡ, ಒಂದು ಬಾರಿ ಗಟ್ಟಿ ಮಾಡಲು ಹೆಚ್ಚುಕಡಿಮೆ ಒಂದು ಪಾಳಿಯ ಹೊತ್ತು. ಅರ್ಧದಷ್ಟು ಕಾಂಪೊಸಿಟ್‌ನಿಂದಲೇ ಆದ ಬೋಯಿಂಗ್ 787 ವಿಮಾನವನ್ನು ಬೋಯಿಂಗ್‌ನಂಥ ಕಂಪನಿಯೇ ತಿಂಗಳಿಗೆ 14ಕ್ಕೆ ಏರಿಸಲು 2019ರವರೆಗೆ ಕಾಯಬೇಕಾಯಿತು. ಏರ್ ಟ್ಯಾಕ್ಸಿಯವರು ಹೇಳುತ್ತಿರುವ ಸಂಖ್ಯೆಗಳೇ ಬೇರೆ. ಆರ್ಚರ್ ಕಂಪನಿ ಜಾರ್ಜಿಯಾ ರಾಜ್ಯದ ಕೋವಿಂಗ್ಟನ್‌ನಲ್ಲಿ ಕಟ್ಟಿದ ಕಾರ್ಖಾನೆಯ ಗುರಿ ವರ್ಷಕ್ಕೆ 650ರವರೆಗೆ. ಅಮೆರಿಕದ ಇನ್ನೊಂದು ಏರ್ ಟ್ಯಾಕ್ಸಿ ಕಂಪನಿ ಜೋಬಿಯ ವಿಮಾನಕ್ಕೆ ಆರು ಪ್ರೊಪೆಲ್ಲರ್, ಒಂದೊಂದಕ್ಕೆ ಐದು ಅಲಗು, ಒಟ್ಟು ಮೂವತ್ತು. ವರ್ಷಕ್ಕೆ ನೂರು ವಿಮಾನವೆಂದರೆ 3,000 ಅಲಗು, ಒಂದಕ್ಕೊಂದು ಗ್ರಾಂ ಲೆಕ್ಕದಲ್ಲಿ ಹೊಂದಬೇಕು. ಕೈಯಲ್ಲಿ ಹಾಸಿ, ಬಾಡಿಗೆಯ ಆಟೋಕ್ಲೇವ್‌ಗೆ ಸರದಿ ಕಾದು ಇದು ಆಗುವ ಮಾತಲ್ಲ. ನನಗೇ ಗೊತ್ತು. ನಾವು ದೊಡ್ಡ ಕಾರ್ಖಾನೆಯೊಂದರ ಆಟೋಕ್ಲೇವ್ ಅನ್ನು ರಾತ್ರಿ ಪಾಳಿಗೆ ಬಾಡಿಗೆಗೆ ಪಡೆಯುತ್ತೇವೆ. ಅವರಿಗೆ ತುರ್ತು ಬಂದ ದಿನ ನಮ್ಮ ಹಾಸಿದ ಭಾಗ ಚೀಲದೊಳಗೆ ಉಸಿರು ಕಟ್ಟಿ ಕುಳಿತಿರುತ್ತದೆ, ಬಟ್ಟೆಯ ಆಯುಷ್ಯ ಗಂಟೆ ಗಂಟೆಗೂ ಇಳಿಯುತ್ತಿರುತ್ತದೆ.

ದಾರಿ ಬೇರೆ ಇದೆ. ಒಲೆಯಲ್ಲೇ ಗಟ್ಟಿಯಾಗುವ ಪ್ರೀಪ್ರೆಗ್, ಒಣ ಬಟ್ಟೆಯನ್ನು ಮುಚ್ಚಿದ ಅಚ್ಚಿನೊಳಗಿಟ್ಟು ರಾಳ ತುಂಬುವ ಕ್ರಮ, ಪಟ್ಟಿಗಳನ್ನು ತಾನೇ ಹಾಸುವ ಯಂತ್ರ, ಬಿಸಿ ಮಾಡಿ ಒತ್ತಿದರೆ ನಿಮಿಷಗಳಲ್ಲಿ ಆಕಾರ ಪಡೆಯುವ ಥರ್ಮೋಪ್ಲಾಸ್ಟಿಕ್. ಇವುಗಳಲ್ಲಿ ಹಲವು ಕಾರಿನ ಕಾರ್ಖಾನೆಗಳಿಗೆ ಹತ್ತಿರದ ವಿದ್ಯೆಗಳು. ಜೋಬಿ ಕಂಪನಿಗೆ ಹಣವನ್ನೂ ತಯಾರಿಕೆಯ ಜ್ಞಾನವನ್ನೂ ಕೊಡುತ್ತಿರುವುದು ಟೊಯೊಟಾ. ಆರ್ಚರ್ ಜೊತೆಗಿರುವುದು ಸ್ಟೆಲ್ಲಾಂಟಿಸ್. ಎರಡೂ ಕಾರು ಮಾಡುವವರು. ನಮ್ಮ ಬಿಡದಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ನಿಮಿಷಗಳ ಲೆಕ್ಕದಲ್ಲಿ ಕಾರು ಜೋಡಿಸಿ ಪಳಗಿದ ಜನರಿದ್ದಾರೆ. ಎಚ್‌ಎಎಲ್ ಇರುವ ವಿಮಾನಪುರದಲ್ಲಿ ಒಂದು ಮೊಳೆಗೂ ಕಾಗದ ಇಟ್ಟು ಪಳಗಿದವರಿದ್ದಾರೆ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಷ್ಟು ದೂರದಲ್ಲಿರುವ ಈ ಎರಡು ಕಸುಬುಗಳು ಒಂದೇ ಸೂರಿನ ಕೆಳಗೆ ಸೇರಿದ್ದನ್ನು ನಾನು ಕಂಡಿಲ್ಲ. ಪೀಣ್ಯದಲ್ಲೋ ದಾಬಸ್‌ಪೇಟೆಯಲ್ಲೋ ಒಂದು ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಿಸಿ. ದೊಡ್ಡ ಒಲೆ, ಒಂದು ಬಿಸಿ ಪ್ರೆಸ್, ಕ್ಲೀನ್ ರೂಮ್, ಅಲ್ಟ್ರಾಸೌಂಡ್ ಪರೀಕ್ಷೆಯ ಯಂತ್ರ ಇರಲಿ, ಗಂಟೆಯ ಬಾಡಿಗೆಗೆ ಎಲ್ಲರಿಗೂ ಸಿಗಲಿ. ಉದ್ಘಾಟನೆಯ ದಿನ ಚಿತ್ರ ತೆಗೆಸಿಕೊಳ್ಳಲು ಚೆಂದ ಕಾಣುವ ಒಂದೇ ಭಾರೀ ಯಂತ್ರ ಕೊಂಡು ಅದರ ರಿಪೇರಿಗೆ ಹಣವಿಲ್ಲದೆ ನಿಲ್ಲಿಸುವುದು ಬೇಡ ಎಂದು ಕೈಮುಗಿದು ಕೇಳುತ್ತೇನೆ.

ಭೂಮಿಯ ಪ್ರಶ್ನೆ ಏಳಬಾರದೆಂದು ಒಂದು ಮಾತು. 2025ರ ಜುಲೈಯಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮಕ್ಕೆಂದು ಹೊರಟಿದ್ದ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕೂತಿದ್ದರು. ನಾನು ತಿಪಟೂರಿನ ಕಡೆಯ ತೆಂಗಿನ ತೋಟದ ಮನೆಯವನು, ಅವರ ಸಂಕಟ ನನಗೆ ಗೊತ್ತು. ನಾನು ಕೇಳುತ್ತಿರುವ ಶೈತ್ಯಾಗಾರ, ಪ್ರಯೋಗಾಲಯ, ಕೇಂದ್ರ ಎಲ್ಲ ಸೇರಿದರೂ ಮೂರು ನಾಲ್ಕು ಎಕರೆ ಮೀರುವುದಿಲ್ಲ. ಮುಚ್ಚಿಹೋದ ಕಾರ್ಖಾನೆಗಳ ಶೆಡ್‌ಗಳೇ ಪೀಣ್ಯದಲ್ಲಿ ಸಿಗುತ್ತವೆ.

ಏರ್ ಟ್ಯಾಕ್ಸಿಯೇ ಬರದಿದ್ದರೆ ಇದೆಲ್ಲ ದಂಡವಲ್ಲವೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜರ್ಮನಿಯ ಲಿಲಿಯಂ, ವೊಲೊಕಾಪ್ಟರ್ ಎರಡೂ ಕಂಪನಿಗಳು 2024ರ ಕೊನೆಯ ತಿಂಗಳುಗಳಲ್ಲಿ ದಿವಾಳಿ ಅರ್ಜಿ ಹಾಕಿದವು. ಇಲ್ಲೂ ಹಾಗಾಗಬಹುದು. ಅದಕ್ಕೇ ಒಂದು ಕಂಪನಿಗೆ ಸಹಾಯಧನ ಕೊಡುವುದಕ್ಕಿಂತ ಎಲ್ಲರೂ ಬಳಸುವ ನೆಲಗಟ್ಟು ಹಾಕಿ ಎನ್ನುತ್ತಿದ್ದೇನೆ. ಟ್ಯಾಕ್ಸಿ ತಡವಾದರೂ ಅದೇ ಒಲೆಯಲ್ಲಿ ಡ್ರೋನ್ ರೆಕ್ಕೆ ಆಗುತ್ತದೆ, ಗಾಳಿಯಂತ್ರದ ಭಾಗ ಆಗುತ್ತದೆ, ಕಾಲು ಕಳೆದುಕೊಂಡವರಿಗೆ ಹಗುರವಾದ ಕೃತಕ ಕಾಲು ಆಗುತ್ತದೆ.

ಇನ್ನು ಕೈಗಳ ವಿಷಯ. ನನ್ನಲ್ಲಿಗೆ ಬರುವ ಐಟಿಐ ಮಕ್ಕಳು ಫಿಟ್ಟರ್, ವೆಲ್ಡರ್, ಟರ್ನರ್ ಕಲಿತು ಬರುತ್ತಾರೆ. ಈವರೆಗೆ ಬಂದವರಲ್ಲಿ ಪ್ರೀಪ್ರೆಗ್ ಮುಟ್ಟಿದ್ದವರು ಒಬ್ಬರೂ ಇರಲಿಲ್ಲ. ಒಬ್ಬರನ್ನು ಪಳಗಿಸಲು ನನಗೆ ಎಂಟು ತಿಂಗಳು ಬೇಕು, ಪಳಗಿದ ಮೇಲೆ ದೊಡ್ಡವರು ಕರೆದುಕೊಳ್ಳುತ್ತಾರೆ. ಹೋಗಲಿ, ಅವರಿಗೂ ಒಳ್ಳೆಯದಾಗಲಿ. ಆದರೆ ಕಲಿಸುವ ಭಾರವನ್ನು ನಾವೊಬ್ಬರೇ ಹೊರಲಾರೆವು. ಆಯುಷ್ಯ ಮೀರಿದ ಪ್ರೀಪ್ರೆಗ್ ದೊಡ್ಡ ಕಾರ್ಖಾನೆಗಳಲ್ಲಿ ಕಸಕ್ಕೆ ಹೋಗುತ್ತದೆ. ಹಾರುವ ಭಾಗಕ್ಕೆ ಅದು ಆಗದು, ಕಲಿಯುವ ಕೈಗೆ ಚಿನ್ನ. ಅದನ್ನು ನಾಲ್ಕು ಐಟಿಐಗಳಿಗೆ ತಲುಪಿಸುವ ಏರ್ಪಾಡು ಮಾಡಿದರೆ ಕಚ್ಚಾವಸ್ತುವಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಕೊನೆಯದಾಗಿ, ಹೇಳಲು ನನಗೇ ಸಂಕಟವಾಗುವ ಸಂಗತಿ. ನಮ್ಮಲ್ಲಿ ಆರು ವರ್ಷ ಪದರ ಹಾಸಿದ ಒಬ್ಬ ಹೆಣ್ಣುಮಗಳಿದ್ದರು. ಮೂಲೆಗಳಲ್ಲಿ ಬಟ್ಟೆ ಸುಕ್ಕಿಲ್ಲದೆ ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ದಿನ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು, ಆಮೇಲೆ ಮಣಿಕಟ್ಟಿನವರೆಗೆ ಬಿರುಕು. ಎಪಾಕ್ಸಿ ರಾಳ ಕೆಲವರ ಮೈಗೆ ಹೀಗೆ ಒಗ್ಗದೆ ಹೋಗುತ್ತದೆ. ಒಮ್ಮೆ ಶುರುವಾದರೆ ಎಷ್ಟೋ ಜನರಿಗೆ ಸ್ವಲ್ಪ ತಗುಲಿದರೂ ಮರುಕಳಿಸುತ್ತದೆ. ಕೈಗವಸು ನಾವು ಕೊಟ್ಟಿದ್ದೆವು. ಆದರೆ ಯಾವ ಕೈಗವಸು ಈ ರಾಳವನ್ನು ಎಷ್ಟು ಹೊತ್ತು ತಡೆಯುತ್ತದೆ ಎಂದು ನನಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ಆ ತಪ್ಪು ನನ್ನದು. ಅವರು ಹೋದ ಆಸ್ಪತ್ರೆಯಲ್ಲಿ ಪಾತ್ರೆ ಸೋಪಿನಿಂದ ಬಂದ ಕಜ್ಜಿ ಎಂದು ಮುಲಾಮು ಬರೆದುಕೊಟ್ಟು ಕಳಿಸಿದರು. ಯಾವ ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲವಂತೆ. ರಾಸಾಯನಿಕ ತಗುಲಿ ಬರುವ ಚರ್ಮರೋಗವನ್ನು 1948ರ ಕಾರ್ಖಾನೆ ಕಾಯ್ದೆಯೇ ವೃತ್ತಿರೋಗಗಳ ಪಟ್ಟಿಗೆ ಸೇರಿಸಿಕೊಂಡಿತ್ತು. ಆದರೂ ಅವರ ಕಾಗದದಲ್ಲಿ ಅದು ವೃತ್ತಿರೋಗವೆಂದು ದಾಖಲಾಗಲಿಲ್ಲ, ಪರಿಹಾರವೂ ಬರಲಿಲ್ಲ. ಈಗ ಅವರು ರಾಳ ಮುಟ್ಟುವಂತಿಲ್ಲ. ನಮ್ಮಲ್ಲೇ ಕಡತ ನೋಡಿಕೊಳ್ಳುತ್ತಾರೆ. ವರ್ಷಕ್ಕೆ ಇನ್ನೂರು ಏರ್ ಟ್ಯಾಕ್ಸಿ ಮಾಡುವ ದಿನ ಬಂದರೆ ಈ ಕೆಲಸಕ್ಕೆ ಸಾವಿರಾರು ಕೈಗಳು ಬರುತ್ತವೆ. ರಾಳದ ಬಗ್ಗೆ, ಕತ್ತರಿಸುವಾಗ ಏಳುವ ಕರಿ ಧೂಳಿನ ಬಗ್ಗೆ ಕಾರ್ಖಾನೆ ಇಲಾಖೆ ಈಗಲೇ ಕನ್ನಡದಲ್ಲಿ ಒಂದು ಸ್ಪಷ್ಟ ಕೈಪಿಡಿ ತರಲಿ. ಕೈಗಾರಿಕಾ ಪ್ರದೇಶದ ಆಸ್ಪತ್ರೆಗಳಲ್ಲಿ ವೈದ್ಯರು ಕಸುಬನ್ನು ಕೇಳಿ ಬರೆದುಕೊಳ್ಳುವುದನ್ನು ಕಡ್ಡಾಯ ಮಾಡಲು ಆರೋಗ್ಯ ಸಚಿವರೊಂದಿಗೆ ತಾವು ಮಾತನಾಡಬೇಕು.

ತಾವು ಒಮ್ಮೆ ನಮ್ಮ ಕಾರ್ಖಾನೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಹಾರ, ಶಾಲು, ಫಲಕ ಯಾವುದನ್ನೂ ಏರ್ಪಡಿಸುವುದಿಲ್ಲ. ಮಂಗಳವಾರ ಬೆಳಿಗ್ಗೆ ಆರಕ್ಕೆ ಉರುಳೆಯನ್ನು ಫ್ರೀಜರ್‌ನಿಂದ ಹೊರಗೆ ತೆಗೆಯುತ್ತೇವೆ, ಹನ್ನೊಂದರ ಹೊತ್ತಿಗೆ ಚೀಲ ಬಿಚ್ಚುತ್ತೇವೆ. ಆ ಹೊತ್ತಿಗೆ ಬಂದರೆ ಒಂದು ಪದರವನ್ನು ತಾವೇ ಹಾಸಿ ನೋಡಬಹುದು. ನೀಲಿ ಹಾಳೆಗಳನ್ನು ಎಣಿಸುವುದನ್ನು ಆ ಹುಡುಗಿಯೇ ತೋರಿಸುತ್ತಾಳೆ. ಕೆಟ್ಟುಹೋಯಿತೋ ಉಳಿಯಿತೋ ಎಂದು ಇಂದಿಗೂ ಯಾರೂ ಪರೀಕ್ಷಿಸದ ಆ ನಾಲ್ಕು ಉರುಳೆಗಳಲ್ಲಿ ಒಂದೂವರೆ ಇನ್ನೂ ಉಳಿದಿವೆ. ಹೊಸಬರು ಕೆಲಸ ಕಲಿಯುವುದು ಅದರ ಮೇಲೆಯೇ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಕಾಂಪೊಸಿಟ್ ಕಾರ್ಖಾನೆಯವನು